ಗಾಜಿನ ತೊಟ್ಟಿಯ ಮೀನನ್ನು ಹೊಳೆಗೆ ಬಿಡಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಚಿಕ್ಕ ಫೋಟೊ ಇತ್ತು. ಶಿರಸಿ ಕಡೆಯ ಒಂದು ಕೆರೆಯ ಮೆಟ್ಟಿಲ ಮೇಲೆ ಇಬ್ಬರು ಮಕ್ಕಳು ಬಕೆಟ್ ಹಿಡಿದು ನಿಂತಿದ್ದರು. ಬೇರೆ ಊರಿಗೆ ವರ್ಗವಾಗಿ ಹೊರಟ ಮನೆಯವರು ತಮ್ಮ ಅಕ್ವೇರಿಯಂ ಮೀನುಗಳನ್ನು ಕೆರೆಗೆ ಬಿಟ್ಟು ಬಿಡುಗಡೆ ಕೊಟ್ಟರು ಅಂತ ಕೆಳಗೆ ಬರೆದಿತ್ತು. ಮಕ್ಕಳ ಮುಖದಲ್ಲಿ ಎಷ್ಟು ಖುಷಿ! ಅವರನ್ನು ಬೈಯುವ ಮನಸ್ಸು ನನಗಿಲ್ಲ. ಆದರೆ ಬಕೆಟ್ಟಿನ ಅಂಚಿನಲ್ಲಿ ಒಂದು ಮೀನಿನ ತಲೆ ಕಾಣುತ್ತಿತ್ತು. ಕೆಳದವಡೆ ಮುಂದೆ ಬಂದಿತ್ತು, ಮೈಮೇಲೆ ಕಪ್ಪು ಚುಕ್ಕೆ ಇತ್ತು. ಫೋಟೊ ಮಸುಕಾಗಿತ್ತು, ಇಂಥದೇ ಜಾತಿ ಅಂತ ಆಣೆ ಮಾಡಿ ಹೇಳಲಾರೆ. ಆದರೂ ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಂಥ ಮೀನು ಆರು ವರ್ಷದಿಂದ ನನ್ನ ಖಾನಾವಳಿಯಲ್ಲಿದೆ. ಅದು ಏನು ಮಾಡಬಲ್ಲದು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದರೆ ಕ್ಷಮಿಸಿ.

ನಾನು ಕಾರವಾರದ ಕೋಡಿಬಾಗದವಳು. 22 ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ. ನಮ್ಮ ಮಾವನವರು ಕಾಳಿ ಹೊಳೆಯಲ್ಲಿ ಬಲೆ ಬೀಸಿ ಮನೆ ನಡೆಸಿದವರು. ಹಾಗಾಗಿ ಮೀನು ಅಂದರೆ ನಮಗೆ ಅನ್ನ. ಸಾಕುವ ವಸ್ತು ಅಂತ ನಾವು ಯಾವತ್ತೂ ಅಂದುಕೊಂಡವರಲ್ಲ. ಗಾಜಿನ ತೊಟ್ಟಿ ಮಗನ ಆಸೆ. ಹುಬ್ಬಳ್ಳಿಯಲ್ಲಿ ಓದುವಾಗ ಒಂದು ಅಂಗಡಿಯಿಂದ ನಾಲ್ಕು ಮರಿ ತಂದ. ಆಗ ಒಂದೊಂದೂ ಎಂಟಾಣೆ ನಾಣ್ಯದಷ್ಟು. ಮೈಯ ಉದ್ದಕ್ಕೆ ಒಂದು ಕಪ್ಪು ಗೆರೆ, ಅಷ್ಟೇ. ನೋಡಲು ಏನೂ ವಿಶೇಷವಿಲ್ಲ. ನಾಲ್ಕು ಬೆರಳಿಗಿಂತ ದೊಡ್ಡದಾಗುವುದಿಲ್ಲ, ಏನು ಹಾಕಿದರೂ ತಿನ್ನುತ್ತದೆ ಅಂತ ಅಂಗಡಿಯವರು ಹೇಳಿದ್ದರಂತೆ. ಎರಡನೇ ಮಾತು ಮಾತ್ರ ನಿಜವಾಯಿತು. ಮಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ತೊಟ್ಟಿ ನನ್ನ ಪಾಲಿಗೆ ಬಂತು.

ಮೊದಲ ವರ್ಷದಲ್ಲೇ ನಾಲ್ಕರಲ್ಲಿ ಎರಡು ಇಲ್ಲವಾದವು. ಕಾಯಿಲೆಯಿಂದ ಅಲ್ಲ, ಉಳಿದೆರಡು ಅವನ್ನು ತಿಂದವು. ಉಳಿದವು ಒಂದು ಗಂಡು, ಒಂದು ಹೆಣ್ಣು. ಗಂಡು ಈಗ ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಇದೆ. ಮರಿಯ ಗೆರೆ ಒಡೆದು ಚುಕ್ಕೆಗಳಾಗಿವೆ. ಹೊಂಬಣ್ಣದ ಮೈಮೇಲೆ ಮಸಿ ಚಿಮುಕಿಸಿದ ಹಾಗೆ, ಚಿರತೆಯ ತೊಗಲಿನ ಹಾಗೆ ಕಾಣುತ್ತದೆ. ಅಂಗಡಿಯವರು ಇದನ್ನು ಜಾಗ್ವಾರ್ ಅಂತ ಮಾರುತ್ತಾರೆ. ಪೂರ್ತಿ ಹೆಸರು ಜಾಗ್ವಾರ್ ಸಿಕ್ಲಿಡ್.

ಇದರ ಕುಲಗೋತ್ರ ನನಗೆ ಹೇಳಿಕೊಟ್ಟದ್ದು ಒಬ್ಬ ಹುಡುಗಿ. ಇಲ್ಲೇ ಕೋಡಿಬಾಗದ ಕಡಲಜೀವಶಾಸ್ತ್ರ ವಿಭಾಗದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು, ಎರಡು ವರ್ಷ ನಮ್ಮಲ್ಲೇ ಊಟ. ಬಂಗಡೆ ಸಾರು ಅನ್ನ ಕಲಸಿಕೊಂಡು ತೊಟ್ಟಿಯ ಎದುರಿನ ಟೇಬಲ್ಲಿಗೇ ಬಂದು ಕೂರುತ್ತಿದ್ದಳು. ಅವಳು ಹೇಳಿದ್ದು, ಆಮೇಲೆ ಮಗ ಫೋನಿನಲ್ಲಿ ಓದಿ ಹೇಳಿದ್ದು, ನಾನು ನೋಡಿದ್ದು ಎಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಈ ಮೀನಿನ ತವರು ಮಧ್ಯ ಅಮೆರಿಕ. ಹೊಂಡುರಾಸ್‌ನಿಂದ ಕೋಸ್ಟರಿಕಾವರೆಗಿನ ನದಿ, ಸರೋವರಗಳು. ನಿಕರಾಗುವಾ ದೇಶದ ಮನಾಗುವಾ ಸರೋವರದ ಹೆಸರೇ ಇದರ ಶಾಸ್ತ್ರೀಯ ಹೆಸರಿನಲ್ಲಿದೆ: ಪ್ಯಾರಾಕ್ರೋಮಿಸ್ ಮನಾಗುವೆನ್ಸಿಸ್. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಆಲ್ಬರ್ಟ್ ಗುಂಥರ್ ಎಂಬ ವಿಜ್ಞಾನಿ 1867ರಲ್ಲಿ ಇದನ್ನು ಮೊದಲು ವಿವರಿಸಿದರು. ಅಲ್ಲಿಯ ಜನ ಇದನ್ನು ಗ್ವಾಪೋಟೆ ತಿಗ್ರೆ ಅನ್ನುತ್ತಾರೆ. ತಿಗ್ರೆ ಅಂದರೆ ಹುಲಿ. ಒಂದೂವರೆ ಅಡಿ ದಾಟಿ ಬೆಳೆಯುತ್ತದೆ, ಒಂದೂವರೆ ಕಿಲೋ ತೂಗುತ್ತದೆ. ಅಲ್ಲಿ ಜನ ಹಿಡಿದು, ಇಡೀ ಮೀನನ್ನೇ ಹುರಿದು ತಿನ್ನುತ್ತಾರಂತೆ. ಇದನ್ನು ಕೇಳಿದ ದಿನ ಅದರ ಮೇಲೆ ನನಗೆ ಒಂಥರಾ ಗೌರವ ಬಂತು. ಎಲ್ಲೋ ಒಂದು ಊರಲ್ಲಿ ನನ್ನ ಹಾಗೇ ಒಬ್ಬ ಹೆಂಗಸು ಅದಕ್ಕೆ ಉಪ್ಪು ಹಚ್ಚಿ ಕಾವಲಿಗೆ ಹಾಕುತ್ತಿರುತ್ತಾಳೆ, ಅಲ್ವಾ?

ಅದು ಬೇಟೆಯಾಡುವುದನ್ನು ನೀವು ನೋಡಬೇಕು. ದಿನವಿಡೀ ಓಡಾಡಿಕೊಂಡಿರುವ ಮೀನಲ್ಲ. ತೊಟ್ಟಿಯ ಮೂಲೆಯಲ್ಲಿ ಹೆಂಚಿನ ನೆರಳಿಗೆ ನಿಂತಿರುತ್ತದೆ. ಪಕ್ಕದ ರೆಕ್ಕೆ ಮಾತ್ರ ಬೀಸಣಿಗೆಯ ಹಾಗೆ ಮೆಲ್ಲಗೆ ಆಡುತ್ತದೆ. ಕಣ್ಣು ಮಾತ್ರ ತಿರುಗುತ್ತದೆ. ಜೀವಂತ ಶೆಟ್ಲಿ, ಅಂದರೆ ಸಿಗಡಿ, ಒಂದನ್ನು ಹಾಕಿದೆವು ಅನ್ನಿ. ತಕ್ಷಣ ನುಗ್ಗುವುದಿಲ್ಲ. ಒಂದು ಗೇಣು ಮುಂದೆ ಬರುತ್ತದೆ, ನಿಲ್ಲುತ್ತದೆ. ಇನ್ನೊಂದು ಗೇಣು ಬರುತ್ತದೆ, ನಿಲ್ಲುತ್ತದೆ. ಆಮೇಲೆ ಬಾಯಿ ಕೊಳವೆಯ ಹಾಗೆ ಮುಂದಕ್ಕೆ ಚಾಚುತ್ತದೆ, ನೀರಿನ ಸಮೇತ ಶೆಟ್ಲಿ ಒಳಗೆ ಹೋಗುತ್ತದೆ. ಕಚ್ಚಿದ್ದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಶೆಟ್ಲಿ ಇದ್ದ ಜಾಗ ಖಾಲಿ, ಅಷ್ಟೇ. ಆಮೇಲೆ ಗಂಟಲಿನ ಹತ್ತಿರ ಅಲುಗಾಟ ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಸಿಪ್ಪೆಯ ಚೂರುಗಳು ಹೊರಗೆ ಉದುರುತ್ತವೆ.

ಆ ಗಂಟಲಿನ ಅಲುಗಾಟದಲ್ಲೇ ಈ ಜಾತಿಯ ಗುಟ್ಟು ಇದೆ ಅಂತ ಆ ಹುಡುಗಿ ಹೇಳಿದಳು. ಸಿಕ್ಲಿಡ್ ಕುಟುಂಬದ ಮೀನಿಗೆ ಎರಡು ಜೊತೆ ದವಡೆ. ಒಂದು ನಮಗೆ ಕಾಣುವ ಬಾಯಿ. ಇನ್ನೊಂದು ಗಂಟಲಿನೊಳಗೆ, ಹಲ್ಲು ತುಂಬಿದ ಅರೆಯುವ ಕಲ್ಲಿನ ಹಾಗೆ. ಮುಂದಿನ ಬಾಯಿ ಹಿಡಿಯುವ ಕೆಲಸ ನೋಡಿಕೊಳ್ಳುತ್ತದೆ. ಜಜ್ಜುವ, ಅಗಿಯುವ ಕೆಲಸ ಹಿಂದಿನದು. ಹಾಗಾಗಿ ಮುಂದಿನ ಬಾಯಿಯನ್ನು ಒಂದೊಂದು ಜಾತಿ ಒಂದೊಂದು ಉಪಾಯಕ್ಕೆ ತಿದ್ದಿಕೊಂಡಿದೆ. ಒಂದು ಪಾಚಿ ಕೆರೆಯುತ್ತದೆ, ಒಂದು ಬಸವನಹುಳ ಒಡೆಯುತ್ತದೆ, ಒಂದು ಬೇರೆ ಮೀನನ್ನು ನುಂಗುತ್ತದೆ. ಆಫ್ರಿಕದ ಮಲಾವಿ ಸರೋವರದಲ್ಲಿ ಇದೇ ಕುಟುಂಬದ ಒಂದು ಮೀನು ಸತ್ತ ಹಾಗೆ ತಳದಲ್ಲಿ ಅಡ್ಡ ಮಲಗುತ್ತದಂತೆ. ಮೈಮೇಲೂ ಕೊಳೆತ ಹೆಣದ ಹಾಗೆ ಕಲೆ. ಕುಕ್ಕಲು ಬಂದ ಚಿಕ್ಕ ಮೀನುಗಳನ್ನು ಥಟ್ಟನೆ ಹಿಡಿಯುತ್ತದೆ.

ಇದನ್ನೆಲ್ಲ ಕೇಳಿ ನಾನು ದೂರದ ದೇಶದ ಕಥೆ ಅಂದುಕೊಂಡಿದ್ದೆ. ಒಂದು ದಿನ ಅಡಿಗೆಮನೆಯಲ್ಲಿ ಮೆಟ್ಟುಗತ್ತಿಯ ಮೇಲೆ ಕಾಲುಂದರ್ ಹೆಚ್ಚುತ್ತಿದ್ದೆ. ಕೇರಳದವರು ಕರಿಮೀನ್ ಅನ್ನುತ್ತಾರಲ್ಲ, ಅದೇ. ಹುಡುಗಿ ಬಂದು ತಲೆ ಕೊಡಿ ಅಂದಳು. ಗಂಟಲು ಸೀಳಿ ಉಗುರಿನಷ್ಟು ದೊಡ್ಡ ಒಂದು ಮೂಳೆ ತೆಗೆದು ನನ್ನ ಅಂಗೈ ಮೇಲಿಟ್ಟಳು. ಬೆರಳಾಡಿಸಿದರೆ ಉಪ್ಪುಕಾಗದದ ಹಾಗೆ ತರಿತರಿ. ಅದೇ ಎರಡನೇ ದವಡೆ! ಜೀವಮಾನವಿಡೀ ಹೆಚ್ಚಿದ ಮೀನು, ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ನಮ್ಮ ಕಾಲುಂದರ್ ಕೂಡ ಸಿಕ್ಲಿಡ್. ನಮ್ಮ ದೇಶದ ನೀರಿನಲ್ಲೇ ಹುಟ್ಟಿ ಬೆಳೆದ ಸಿಕ್ಲಿಡ್ ಜಾತಿಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದಕ್ಕೆ ನಮ್ಮ ಕೆನರಾದ ಹೆಸರೇ ಇದೆ, ಎಟ್ರೋಪ್ಲಸ್ ಕನರೆನ್ಸಿಸ್. ಅದು ದಕ್ಷಿಣ ಕನ್ನಡದ ಹೊಳೆಗಳದು. ಈ ನಮ್ಮ ಮೀನುಗಳ ಹತ್ತಿರದ ನೆಂಟರು ಇರುವುದು ಸಮುದ್ರದಾಚೆ ಮಡಗಾಸ್ಕರಿನಲ್ಲಿ. ಕಾಲುಂದರನ್ನು ಕೇರಳದವರು 2010ರಲ್ಲಿ ತಮ್ಮ ರಾಜ್ಯದ ಮೀನು ಅಂತ ಮಾಡಿಕೊಂಡರು. ನೀವು ಮೀನು ಪೇಟೆಗೆ ಹೋದಾಗ ಒಂದು ನೋಡಿ. ಬಂಗಡೆಗೆ ಮೂಗಿನ ತೂತು ಒಂದೊಂದು ಪಕ್ಕಕ್ಕೆ ಎರಡೆರಡು. ಕಾಲುಂದರಿಗೆ ಪಕ್ಕಕ್ಕೆ ಒಂದೇ ಒಂದು. ನನ್ನ ತೊಟ್ಟಿಯ ಜಾಗ್ವಾರಿಗೂ ಒಂದೇ. ಅವತ್ತಿನಿಂದ ಈ ಎರಡು ಮೀನು ನನ್ನ ಕಣ್ಣಿಗೆ ದಾಯಾದಿಗಳ ಹಾಗೆ ಕಾಣುತ್ತವೆ.

ಆದರೆ ಸ್ವಭಾವದಲ್ಲಿ ಎಷ್ಟು ವ್ಯತ್ಯಾಸ. ಕಾಲುಂದರ್ ಹೆಚ್ಚಾಗಿ ಪಾಚಿ, ನೀರಿನ ಗಿಡ ತಿಂದು ಬದುಕುವ ಮೀನು. ಗಂಡು ಹೆಣ್ಣು ಎರಡೂ ನಿಂತು ಮರಿ ಕಾಯುತ್ತವೆ. ಮರಿಗಳು ತಂದೆತಾಯಿಯ ಮೈಗೆ ಮುತ್ತಿ ಮೈಯ ಲೋಳೆಯನ್ನು ಮೆಲ್ಲುತ್ತವೆ. ನಮ್ಮ ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ, ಹಿನ್ನೀರಿನಲ್ಲಿ ನೀರು ತಿಳಿಯಾಗಿರುವಾಗ ಇದನ್ನು ನಾನೇ ನೋಡಿದ್ದೇನೆ. ದೊಡ್ಡ ಮೀನೆರಡು, ಸುತ್ತ ರಾಗಿ ಚೆಲ್ಲಿದ ಹಾಗೆ ಮರಿ. ಮಾವನವರು ಅಂಥ ಕಡೆ ಬಲೆ ಹಾಕುತ್ತಿರಲಿಲ್ಲ. 'ಬಾಣಂತಿ ಮನೆ, ಬೇಡ' ಅನ್ನುತ್ತಿದ್ದರು.

ಮರಿ ಕಾಯುವುದರಲ್ಲಿ ಜಾಗ್ವಾರ್ ಕೂಡ ಕಡಿಮೆಯಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದರ ಬೇಟೆಗಿಂತ ಈ ಗುಣ. ಮೂರನೇ ವರ್ಷದ ಏಪ್ರಿಲ್‌ನಲ್ಲಿ ಎರಡೂ ಸೇರಿ ಹೆಂಚಿನ ಒಂದು ಮೈಯನ್ನು ಬಾಯಿಂದ ಉಜ್ಜಿ ಉಜ್ಜಿ ತೊಳೆದವು. ಎರಡು ದಿನ ಅದೇ ಕೆಲಸ. ಆಮೇಲೆ ಹೆಣ್ಣು ಸಾಲು ಸಾಲಾಗಿ ಮೊಟ್ಟೆ ಅಂಟಿಸಿತು, ಗಂಡು ಹಿಂದಿನಿಂದ ಹೋಯಿತು. ಹೆಂಚು ಪೂರ್ತಿ ಸಾಬಕ್ಕಿ ಹರವಿದ ಹಾಗೆ ಕಾಣುತ್ತಿತ್ತು. ಹೆಣ್ಣು ಅಲ್ಲೇ ನಿಂತು ರಾತ್ರಿ ಹಗಲು ರೆಕ್ಕೆ ಬೀಸಿ ಗಾಳಿ ಹಾಕಿತು. ಕೆಟ್ಟ ಮೊಟ್ಟೆಯನ್ನು ಒಂದೊಂದಾಗಿ ಹೆಕ್ಕಿ ತೆಗೆಯುತ್ತಿತ್ತು. ಮೂರನೇ ದಿನ ಒಡೆದು ಮರಿಯಾದವು. ಅವನ್ನು ಬಾಯಲ್ಲಿ ತುಂಬಿಕೊಂಡು ಮೊದಲೇ ತೋಡಿಟ್ಟ ಮರಳು ಗುಂಡಿಗೆ ಉಗಿದವು. ಒಂದು ವಾರಕ್ಕೆ ಮರಿಗಳು ಮೋಡದ ಹಾಗೆ ಮೇಲೆದ್ದವು. ನಾನು ಗಾಜು ಒರೆಸಲು ಕೈ ಇಟ್ಟರೆ ಗಂಡು ಕಿವಿರು ಅಗಲಿಸಿ ಗಾಜಿಗೆ ಬಂದು ಹೊಡೆಯುತ್ತಿತ್ತು. ಒಂದು ಸಲ ಕೈ ನೀರಿನೊಳಗೆ ಹಾಕಿದೆ, ಬೆರಳಲ್ಲಿ ರಕ್ತ ಬಂತು.

ಸಾವಿರದ ಮೇಲೆ ಮರಿ ಇತ್ತು. ಸುಮ್ನೆ ಹೇಳುವ ಲೆಕ್ಕವಲ್ಲ, ಹುಡುಗಿ ಫೋಟೊ ತೆಗೆದು ಒಂದು ಚೌಕದಲ್ಲಿ ಎಣಿಸಿ ಹೇಳಿದ್ದು. ಮೊಟ್ಟೆ ಇಟ್ಟು ಬಿಟ್ಟುಹೋಗುವ ಮೀನಿನ ಮರಿ ಸಾವಿರಕ್ಕೆ ಒಂದೋ ಎರಡೋ ಉಳಿಯಬಹುದು. ಹೀಗೆ ಎರಡು ಹುಲಿ ಕಾವಲಿದ್ದರೆ ಎಷ್ಟು ಉಳಿಯಬೇಡ? ನಮ್ಮ ಹೊಳೆಯ ಯಾವ ಚಿಕ್ಕ ಮೀನು ಆ ಕಾವಲನ್ನು ದಾಟಿ ಒಂದು ಮರಿ ತಿನ್ನಬಲ್ಲದು?

ತಿಂಗಳೊಳಗೆ ತೊಟ್ಟಿ ತುಂಬಿಹೋಯಿತು. ಮೀನಿನ ಅಂಗಡಿಯವರು ಒಬ್ಬರು ಐವತ್ತು ಮರಿ ಒಯ್ದರು, ಉಳಿದದ್ದು ಬೇಡ ಅಂದರು. ನಮ್ಮ ಭಾವನ ಮಗ ರಜೆಗೆ ಬಂದಿದ್ದ. ನಾನು ಮಧ್ಯಾಹ್ನದ ಊಟದ ಗಡಿಬಿಡಿಯಲ್ಲಿದ್ದಾಗ ಅವನು ಎರಡು ಬಕೆಟ್ ಮರಿ ತುಂಬಿಕೊಂಡು ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೊರಟಿದ್ದ. ಕಿನ್ನರ ಕಡೆ ಸಿಹಿನೀರಿನ ಹಳ್ಳ ಇದೆಯಲ್ಲ ಚಿಕ್ಕಮ್ಮ, ಅಲ್ಲಿ ಬಿಟ್ಟುಬರುತ್ತೇನೆ, ಪಾಪ ಅವು ಬದುಕಿಕೊಳ್ಳಲಿ ಅಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ನಾನು ಸೌಟು ಕೈಯಲ್ಲೇ ಹಿಡಿದು ರಸ್ತೆಗೆ ಓಡಿ ಸೈಕಲ್ ಹಿಡಿದು ನಿಲ್ಲಿಸಿದೆ.

ಆಮೇಲೆ ಮಾಡಿದ್ದನ್ನು ಬರೆಯಲು ಕಷ್ಟವಾಗುತ್ತದೆ, ಆದರೆ ಬರೆಯಬೇಕು. ಲವಂಗದ ಎಣ್ಣೆಯನ್ನು ಸ್ವಲ್ಪ ಬಿಸಿನೀರಿನಲ್ಲಿ ಕಲಸಿ, ಆರಿಸಿ ಬಕೆಟ್ಟಿಗೆ ಹಾಕಿದರೆ ಮೀನು ಮೊದಲು ಅಮಲಿಗೆ ಹೋಗುತ್ತದೆ, ಆಮೇಲೆ ನೋವಿಲ್ಲದೆ ಉಸಿರು ನಿಲ್ಲುತ್ತದೆ ಅಂತ ಹುಡುಗಿ ಹೇಳಿಕೊಟ್ಟಳು. ಹಾಗೇ ಮಾಡಿದೆ. ದಿನಾ ಕಿಲೋಗಟ್ಟಲೆ ಮೀನು ಹೆಚ್ಚುವವಳು ನಾನು. ಆದರೂ ಅವತ್ತು ಕೈ ನಡುಗಿತು. ಹಿತ್ತಲಿನ ತೆಂಗಿನ ಬುಡದಲ್ಲಿ ಹೂಳಿದೆ. ಈಗಲೂ ಲವಂಗದ ವಾಸನೆ ಬಂದರೆ ಆ ಬಕೆಟ್ ನೆನಪಾಗುತ್ತದೆ. ಮತ್ತೆರಡು ಸಲ ಮೊಟ್ಟೆ ಇಟ್ಟಾಗ ಹೆಂಚನ್ನೇ ತೆಗೆದು ಒಣಗಿಸಿದೆ. ಮುಂದಿನ ವರ್ಷ ಗಂಡು ಹೆಣ್ಣನ್ನು ಕಚ್ಚಿ ಕೊಂದಿತು. ಸರೋವರದಲ್ಲಾದರೆ ಅದು ದೂರ ಓಡಿ ತಪ್ಪಿಸಿಕೊಳ್ಳುತ್ತಿತ್ತು, ನಾಲ್ಕು ಅಡಿ ಗಾಜಿನೊಳಗೆ ಎಲ್ಲಿಗೆ ಓಡೀತು? ಎರಡನ್ನೂ ಒಂದೇ ತೊಟ್ಟಿಯಲ್ಲಿ ಇಟ್ಟದ್ದು ನನ್ನ ತಪ್ಪು. ಅದಕ್ಕೆ ಗಂಡನ್ನು ದೂರುವುದಿಲ್ಲ.

ಈ ಮೀನು ಕೆಟ್ಟದ್ದು ಅಂತ ಯಾರೂ ತಿಳಿಯಬಾರದು. ತವರಿನಲ್ಲಿ ಅದಕ್ಕೆ ಅದರದೇ ಕೆಲಸವಿದೆ. ಅದರ ಅಣ್ಣನಂಥ ಇನ್ನೊಂದು ಜಾತಿ ನಿಕರಾಗುವಾದ ಹಿಲೋವಾ ಎಂಬ ಸರೋವರದಲ್ಲಿದೆ, ಇದಕ್ಕಿಂತ ದೊಡ್ಡ ಬೇಟೆಗಾರ. ಅಲ್ಲಿ ಸೊಪ್ಪುಸದೆ ತಿನ್ನುವ ಒಂದು ಸಾಧು ಮೀನಿನ ಗಂಡುಗಳು ಈ ಬೇಟೆಗಾರನ ಮರಿಗಳನ್ನು ಕಾಯಲು ನಿಲ್ಲುತ್ತವೆ ಅಂತ ಕೆನೆತ್ ಮೆಕೇ ಎಂಬ ವಿಜ್ಞಾನಿ 1977ರಲ್ಲಿ ಬರೆದರು. ಯಾಕೆ ಅಂದರೆ, ಆ ಸಾಧು ಮೀನಿನ ಗೂಡಿನ ಜಾಗ ಕಿತ್ತುಕೊಳ್ಳುವ ಇನ್ನೊಂದು ಜಾತಿಯನ್ನು ಈ ಬೇಟೆಗಾರ ತಿನ್ನುತ್ತದೆ. ಶತ್ರುವಿನ ಶತ್ರುವಿನ ಮಕ್ಕಳನ್ನು ಸಾಕಿದ ಹಾಗೆ. ಇದನ್ನು ಮಗ ಓದಿ ಹೇಳಿದಾಗ ನಾನು ಇನ್ನೊಂದು ಸಲ ಓದಿಸಿಕೊಂಡೆ. ಇಷ್ಟು ನಾಜೂಕಾದ ಕೊಡುಕೊಳ್ಳುವಿಕೆ ಒಂದೇ ನೀರಿನಲ್ಲಿ ಬಹುಕಾಲ ಒಟ್ಟಿಗೆ ಬಾಳಿದರೆ ಬರುತ್ತದೆ. ಬಕೆಟ್ಟಿನಲ್ಲಿ ತಂದು ಸುರಿದರೆ ಬರುವುದಿಲ್ಲ.

ಸುರಿದರೆ ಏನಾಗುತ್ತದೆ ಎನ್ನುವುದಕ್ಕೆ ಪನಾಮಾ ದೇಶದ ಗಾಟೂನ್ ಸರೋವರ ಇದೆ. ಪನಾಮಾ ಕಾಲುವೆಯಲ್ಲಿ ಹಡಗು ಹಾಯುವ ಆ ದೊಡ್ಡ ಕೆರೆಯೇ. ಅಲ್ಲಿ ಪೀಕಾಕ್ ಬಾಸ್ ಎಂಬ ಮೀನನ್ನು, ಅದೂ ದಕ್ಷಿಣ ಅಮೆರಿಕದ ಬೇಟೆಗಾರ ಸಿಕ್ಲಿಡ್ಡೇ, ಗಾಳ ಹಾಕುವ ಮೋಜಿಗೆ ಮತ್ತು ಊಟಕ್ಕೆ ಅಂತ ಕೊಳದಲ್ಲಿ ಸಾಕಿದ್ದರು. 1967ರ ಸುಮಾರಿಗೆ ಕೆಲವು ಮೀನು ತಪ್ಪಿಸಿಕೊಂಡು ಹೊಳೆ ಸೇರಿ, ಅಲ್ಲಿಂದ ಸರೋವರಕ್ಕೆ ಇಳಿದವು. ಆರೇ ವರ್ಷದಲ್ಲಿ, 1973ರಲ್ಲಿ, ಥಾಮಸ್ ಝಾರೆಟ್ ಮತ್ತು ರಾಬರ್ಟ್ ಪೇನ್ ಎಂಬಿಬ್ಬರು ಅಲ್ಲಿಯ ಸ್ಥಿತಿ ಬರೆದರು. ಮೊದಲು ಮಾಮೂಲಾಗಿ ಸಿಗುತ್ತಿದ್ದ ಎಂಟು ಜಾತಿಯ ಮೀನುಗಳಲ್ಲಿ ಆರು ಆ ನೀರಿನಿಂದ ಅಳಿಸಿಹೋಗಿದ್ದವು. ಚಿಕ್ಕ ಮೀನು ನಂಬಿಕೊಂಡಿದ್ದ ಮಿಂಚುಳ್ಳಿ, ಬೆಳ್ಳಕ್ಕಿಯಂಥ ಹಕ್ಕಿಗಳಿಗೂ ಪೆಟ್ಟು ಬಿತ್ತು. ಇದು ಹಳೆಯ ಕಥೆ, ಈಗ ಸರಿಯಾಗಿರಬಹುದು ಅಂದುಕೊಳ್ಳುವ ಹಾಗೂ ಇಲ್ಲ. 45 ವರ್ಷ ಕಳೆದ ಮೇಲೆ ಮತ್ತೆ ನೋಡಿದವರು, ಆ ಸರೋವರದ ಮೀನುಗಳು ಚೇತರಿಸಿಕೊಂಡಿಲ್ಲ ಅಂತ 2017ರಲ್ಲಿ ಬರೆದಿದ್ದಾರೆ.

ಕಾಳಿಯ ಮೇಲೆ ಮಿಂಚುಳ್ಳಿ ಇಲ್ಲದ ಬೆಳಗು ಹೇಗಿರುತ್ತದೆ ಅಂತ ನನಗೆ ಊಹಿಸಲೂ ಆಗುವುದಿಲ್ಲ.

ಖಾನಾವಳಿಯಲ್ಲಿ ಈ ಮಾತು ಎತ್ತಿದರೆ ಜನ ಬೇರೆ ಬೇರೆ ಉತ್ತರ ಕೊಡುತ್ತಾರೆ. ಅಮೆರಿಕದ ಫ್ಲಾರಿಡಾದಲ್ಲಿ ಸರ್ಕಾರವೇ ಪೀಕಾಕ್ ಬಾಸ್ ಬಿಟ್ಟಿದೆ ಅಂತ ಒಬ್ಬರು ಫೋನ್ ತೋರಿಸಿದರು. ನಿಜ, 1984ರಲ್ಲಿ ಬಿಟ್ಟರು. ಮನುಷ್ಯರು ತೋಡಿದ ಕಾಲುವೆಗಳಿಗೆ, ಅಲ್ಲಿ ಆಗಲೇ ತುಂಬಿಕೊಂಡಿದ್ದ ಬೇರೆ ಪರದೇಶಿ ಮೀನುಗಳನ್ನು ತಿನ್ನಲಿ ಅಂತ. ನೀರು ಸ್ವಲ್ಪ ತಣ್ಣಗಾದರೂ ಆ ಮೀನು ಸಾಯುತ್ತದೆ, ಹಾಗಾಗಿ ಉತ್ತರಕ್ಕೆ ಹರಡಲಾರದು ಎನ್ನುವ ಲೆಕ್ಕವೂ ಅವರಿಗಿತ್ತು. ನಮ್ಮಲ್ಲಿ ಅಂಥ ಚಳಿ ಎಲ್ಲಿದೆ? ಡಿಸೆಂಬರಿನಲ್ಲೂ ಕಾರವಾರದ ನೀರು ಬೆಚ್ಚಗೇ ಇರುತ್ತದೆ. ಜಾಗ್ವಾರ್ ಬಿಸಿ ನೀರನ್ನೇ ಇಷ್ಟಪಡುವ ಮೀನು. ಕೆಸರು, ರಾಡಿ, ಗಾಳಿ ಕಡಿಮೆ ಇರುವ ನೀರು, ಎಲ್ಲಕ್ಕೂ ಒಗ್ಗುತ್ತದೆ. ಒಂದು ಜುಲೈ ತಿಂಗಳ ಮಳೆಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಗಾಳಿ ಪಂಪು ನಿಂತು ಪಕ್ಕದ ತೊಟ್ಟಿಯ ಬಂಗಾರದ ಮೀನುಗಳೆಲ್ಲ ತೇಲಿದವು. ಜಾಗ್ವಾರ್ ಮೂರನೇ ದಿನ ಬೆಳಿಗ್ಗೆ ತಿಂಡಿಗೆ ಕಾಯುತ್ತಾ ನಿಂತಿತ್ತು.

ಉಪ್ಪು ನೀರಿಗೆ ಬಂದರೆ ತಾನೇ ಸಾಯುತ್ತದೆ ಬಿಡಿ ಅಂತ ಇನ್ನೊಬ್ಬರು. ಸದಾಶಿವಗಡದ ಹತ್ತಿರ ಬೇಸಿಗೆಯಲ್ಲಿ ನೀರು ಉಪ್ಪು, ಹೌದು. ಮೇಲೆ ಕದ್ರಾ, ಮಲ್ಲಾಪುರದ ಕಡೆ? ಅಲ್ಲಿ ಸಿಹಿ. ಮಳೆಗಾಲದಲ್ಲಿ ಕೆಂಪು ನೀರು ಬಂದಾಗ ಅಳಿವೆಯವರೆಗೂ ಸಿಹಿಯೇ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಊರುಗಳಲ್ಲಿ ಹೊಳೆ ಯಾವುದು, ಗದ್ದೆ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಯಾರದೋ ಹಿತ್ತಲಿನ ತೊಟ್ಟಿಯಲ್ಲಿರುವ ಮೀನು ಅಂಥ ದಿನ ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿ. ಕೇರಳದಲ್ಲಿ ಆಗಿದ್ದು ಇದೇ. 2018ರ ಪ್ರವಾಹ ಇಳಿದ ಮೇಲೆ ಅಲ್ಲಿಯ ಹೊಳೆಗಳಲ್ಲಿ ಅಮೆಜಾನಿನ ಅರಪೈಮಾ, ಅಮೆರಿಕದ ಅಲಿಗೇಟರ್ ಗಾರ್ ಮೀನುಗಳು ಬಲೆಗೆ ಬಿದ್ದವು. ಎರಡೂ ಆಳುದ್ದ ಬೆಳೆಯುವ ಮೀನು.

ಶಿರಸಿಯ ಕೆರೆಗೆ ಬಿಟ್ಟರೆ ಕೆರೆಯಲ್ಲೇ ಇರುತ್ತದಲ್ಲ ಅನ್ನುವವರಿಗೂ ಒಂದು ಮಾತು. ಮಲೆನಾಡಿನ ಕೆರೆ ಮಳೆಗಾಲದಲ್ಲಿ ಕೋಡಿ ಬೀಳದೆ ಇರುತ್ತದಾ? ನನ್ನ ತವರು ಶಿರಸಿ ಹತ್ತಿರದ ಹಳ್ಳಿ. ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಹಳ್ಳ ಹಿಡಿದು, ಗದ್ದೆಯ ಕಾಲುವೆ ಹಿಡಿದು ಮೇಲೆ ಬರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹತ್ತುಮೀನು ಅನ್ನುತ್ತೇವೆ. ಅಡಕೆ ತೋಟದ ಕಾದಿಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಬೆಳ್ಳಿ ಮಿಂಚಿದ ಹಾಗೆ ಹೋಗುತ್ತಿದ್ದವು. ಮೀನು ಮೇಲೆ ಬರುವ ದಾರಿಯಲ್ಲೇ ಕೆಳಗೂ ಹೋಗುತ್ತದೆ. ಶಿರಸಿ ಪೇಟೆಯ ಶಂಕರ ಹೊಂಡವೇ ಅಘನಾಶಿನಿ ಹುಟ್ಟುವ ಜಾಗಗಳಲ್ಲಿ ಒಂದು. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಅಣೆಕಟ್ಟಿಲ್ಲದೆ ಕುಮಟಾದ ಗಜನಿಗಳವರೆಗೆ ಹರಿಯುವ ಹೊಳೆ ಅದು. ಆ ಹೊಳೆಯನ್ನು ನಂಬಿ ಎಷ್ಟು ಸಂಸಾರ ಬಲೆ ಹಾಕುತ್ತವೆ, ಎಷ್ಟು ಹೆಂಗಸರು ಸೊಂಟದ ಮಟ್ಟ ನೀರಿನಲ್ಲಿ ನಿಂತು ಬಳಚು ಚಿಪ್ಪು ಹೆಕ್ಕುತ್ತಾರೆ! ನಮ್ಮ ಹೊಳೆಗಳಲ್ಲಿ ಏನೇನಿದೆ ಅಂತ ನಮಗೇ ಇನ್ನೂ ಪೂರ್ತಿ ಗೊತ್ತಿಲ್ಲ. ಶರಾವತಿಯ ಹೆಸರು ಹೊತ್ತ ಒಂದು ಪುಟ್ಟ ಮೀಸೆ ಮೀನು, ಬಟಾಸಿಯೋ ಶರಾವತಿಯೆನ್ಸಿಸ್, ವಿಜ್ಞಾನಿಗಳ ಪಟ್ಟಿಗೆ ಸೇರಿದ್ದೇ 2004ರಲ್ಲಿ. ಹೆಸರಿಡುವ ಮೊದಲೇ ನುಂಗಿಹೋದರೆ ಯಾರಿಗೆ ಗೊತ್ತಾಗುತ್ತದೆ?

ಪರದೇಶದ ಸಿಕ್ಲಿಡ್ ಒಂದು ನಮ್ಮಲ್ಲಿ ಊರೂರು ತುಂಬಿ ಆಗಲೇ ಎಷ್ಟೋ ವರ್ಷವಾಗಿದೆ. ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಅದು ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ, ಬಡವರಿಗೆ ಅಗ್ಗದ ಮೀನು ಸಿಗಲಿ ಅಂತ. ಆಶಯ ಒಳ್ಳೆಯದೇ. ಅದು ಮೊಟ್ಟೆ ಮರಿಗಳನ್ನು ಬಾಯಲ್ಲೇ ಇಟ್ಟು ಕಾಯುವ ಮೀನು, ಹೋದಲ್ಲೆಲ್ಲ ಹೆಚ್ಚಿತು. ಈಗ ಯಾವ ಕೆರೆಗೆ ಗಾಳ ಹಾಕಿದರೂ ಜಿಲೇಬಿ. ಒಮ್ಮೆ ಬಿಟ್ಟದ್ದನ್ನು ಹಿಂದೆ ಕರೆಯಲು ಆಗಲೇ ಇಲ್ಲ. ಅದು ಪಾಚಿ ತಿನ್ನುವ ಮೀನು. ಬೇಟೆಗಾರ ಮೀನು ಹಾಗೆ ಹೆಚ್ಚಿದರೆ ಏನು ಗತಿ?

ಹಾಗಾದರೆ ಬೇಡವಾದ ಮೀನನ್ನು ಏನು ಮಾಡಬೇಕು ಅಂತ ಕೇಳುವುದು ನ್ಯಾಯ. ಮೊದಲನೆಯದಾಗಿ ಮಾರುವವರು ಮರಿಯ ಪಕ್ಕ ದೊಡ್ಡ ಮೀನಿನ ಫೋಟೊ ಅಂಟಿಸಲಿ. ಎಷ್ಟು ಬೆಳೆಯುತ್ತದೆ, ಏನು ತಿನ್ನುತ್ತದೆ, ಎಷ್ಟು ವರ್ಷ ಬದುಕುತ್ತದೆ ಅಂತ ಕನ್ನಡದಲ್ಲಿ ಬರೆಯಲಿ. ಅದನ್ನು ಓದಿದ್ದರೆ ನನ್ನ ಮಗ ತರುತ್ತಿರಲಿಲ್ಲ. ಮಾರಿದವರು ವಾಪಸು ತೆಗೆದುಕೊಳ್ಳುವುದೂ ಒಂದು ಕರ್ತವ್ಯ ಅಂತ ತಿಳಿಯಲಿ. ಎರಡನೆಯದು, ಕಾರವಾರ, ಶಿರಸಿ, ಕುಮಟಾದಂಥ ಊರಿನಲ್ಲಿ ಮೀನುಗಾರಿಕೆ ಇಲಾಖೆಯವರು ಒಂದೊಂದು ತೊಟ್ಟಿ ಇಡಲಿ, ಜನ ಬೇಡವಾದ ಮೀನನ್ನು ಅಲ್ಲಿ ತಂದುಕೊಡಲಿ. ದೊಡ್ಡ ಖರ್ಚಿನ ಕೆಲಸವಲ್ಲ, ಒಂದು ಸಿಮೆಂಟ್ ತೊಟ್ಟಿ, ಒಂದು ಬಲೆಯ ಮುಚ್ಚಳ. ಸಂಪಾದಕರಲ್ಲೂ ಒಂದು ಬೇಡಿಕೆ. ಇನ್ನು ಮುಂದೆ ಇಂಥ ಫೋಟೊ ಬಂದರೆ ಅದರ ಕೆಳಗೆ ಮೀನುಗಾರಿಕೆ ಇಲಾಖೆಯವರ ಎರಡು ಸಾಲು ಹಾಕಿ. ಮಕ್ಕಳು ಪತ್ರಿಕೆ ನೋಡಿ ಕಲಿಯುತ್ತಾರೆ. ಆ ಇಬ್ಬರು ಮಕ್ಕಳ ಮನೆಯವರು ಇದನ್ನು ಓದುತ್ತಿದ್ದರೆ, ಯಾವ ಮೀನು, ಎಷ್ಟು ಬಿಟ್ಟಿರಿ ಅಂತ ದಯವಿಟ್ಟು ಹತ್ತಿರದ ಮೀನುಗಾರಿಕೆ ಕಚೇರಿಗೆ ತಿಳಿಸಿ. ಒಂದೇ ಮೀನಾಗಿದ್ದರೆ, ಈಗಲೇ ಬಲೆ ಹಾಕಿದರೆ ಸಿಗಬಹುದು. ಮಳೆ ಶುರುವಾಗಿ ಕೆರೆ ಕೋಡಿ ಬಿದ್ದ ಮೇಲೆ ಸಿಗುವುದಿಲ್ಲ.

ಇಲಾಖೆಯ ತೊಟ್ಟಿ ಬರುವವರೆಗೆ ನನ್ನ ಹಿತ್ತಲಿನಲ್ಲಿ ಒಂದು ತೊಟ್ಟಿ ಇದೆ. ಮಾವನವರು ಬಲೆ ತೊಳೆಯಲು ಕಟ್ಟಿಸಿದ್ದು, ಎದೆಮಟ್ಟ ಗೋಡೆ, ಮೇಲೆ ಹಳೆ ಬಲೆ ಬಿಗಿದಿದ್ದೇನೆ. ಎತ್ತರದ ಜಾಗ, ಇಲ್ಲಿವರೆಗೆ ಹೊಳೆ ನೀರು ಅಲ್ಲಿಗೆ ಬಂದಿಲ್ಲ. ಸಾಕಲು ಆಗದ ಮೀನು ಯಾರ ಮನೆಯಲ್ಲಾದರೂ ಇದ್ದರೆ ಮುಚ್ಚಳದ ಡಬ್ಬಿಯಲ್ಲಿ ಹಾಕಿಕೊಂಡು ತನ್ನಿ, ದುಡ್ಡು ಕಾಸು ಏನೂ ಬೇಡ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಮಾತ್ರ ಬರಬೇಡಿ, ಊಟದ ಹೊತ್ತು. ನಾಲ್ಕು ಗಂಟೆ ಮೇಲೆ ಹಿತ್ತಲ ಬಾಗಿಲು ತೆರೆದೇ ಇರುತ್ತದೆ.

ಇತಿ,
ಖಾನಾವಳಿ ನಡೆಸುವ ನಿಮ್ಮ ಓದುಗಿ,
ಕೋಡಿಬಾಗ, ಕಾರವಾರ